ಎಳ್ಳಮಾಸಿಗೊಂದು ಮೊಣಕಾಲು

ಗುರುಶಾಂತಮ್ಮನನ್ನು ಮೊಣಕಾಲಿನ ಆಪರೇಶನ್ನಿಗೆ ಒಪ್ಪಿಸಲು ಮನೆಯವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಗಂಡ ಶಿವರಾಯ ಹೇಳಿ ಹೇಳಿ ಸೋತ. ಮಗ ಸಂಜುಕುಮಾರ ಕೈಮುಗಿದು ಸೋತ. ಸೊಸೆ ವಿಜಯಶ್ರೀ ಕಣ್ಣೀರು ಹಾಕಿದರೆ, "ಅಳೋದಿದ್ರ ಒಲಿ ಮುಂದ ಹೋಗಿ ಅಳು, ಮಂದಿ ಹೊಗಿ ಅಂತ ತಿಳ್ಕೊಂತಾರ" ಎಂದು ಅವಳ ಬಾಯಿಯನ್ನೂ ಮುಚ್ಚಿಸಿದಳು. ಕೊನೆಗೆ ಆ ಕೆಲಸವನ್ನು ಒಂದೇ ಮಾತಿನಲ್ಲಿ ಮುಗಿಸಿದವಳು ನೆಗೆಣ್ಣಿ ಸಾಬವ್ವ, ಅಂದರೆ ಶಿವರಾಯನ ತಮ್ಮ ಜಗದೇವನ ಹೆಂಡತಿ. ಅದೂ ಬೇಕೆಂದು ಮಾಡಿದ್ದಲ್ಲ. ನಳದ ಹತ್ತಿರ ಕೊಡ ತುಂಬುತ್ತ ಯಾರಿಗೋ ಹೇಳಿದ್ದಳು: "ಪಾಪ, ನಮ್ಮಕ್ಕಗ ಈ ಸಲ ಹೊಲ ಸುತ್ತೋದು ಆಗಂಗಿಲ್ಲ ಕಾಣ್ತದ. ಚರಗ ನಾನ ಚೆಲ್ಲಬೇಕಾಗ್ತದೋ ಏನೋ."

ಆ "ಪಾಪ" ಗುರುಶಾಂತಮ್ಮನ ಕಿವಿಗೆ ಬಿದ್ದದ್ದೇ ತಡ, "ನಡೀರಿ ಕಲಬುರಗಿಗೆ, ಎಲ್ಲಿ ಕೊಯ್ತಾರ ಕೊಯ್ಲಿ" ಎಂದು ಎದ್ದು ನಿಂತಳು. ನಿಂತ ರಭಸಕ್ಕೆ ಮೊಣಕಾಲು ಕಟ್ ಎಂದಿತು, ಮತ್ತೆ ಕುಕ್ಕರಿಸಿದಳು. ಆದರೆ ಮಾತು ಮಾತೇ.

ಈ ಚರಗದ ಸಂಗತಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಗುರುಶಾಂತಮ್ಮನನ್ನು ಸುಮ್ಮನೆ ಜಗಳಗಂಟಿ ಅಂದುಕೊಂಡೀರಿ. ಜಗಳಗಂಟಿ ಹೌದು, ಆದರೆ ಸುಮ್ಮನೆ ಅಲ್ಲ. ಸೊನ್ನದ ಬ್ಯಾರೇಜಿನ ಈಚೆ, ಭೀಮೆಯ ದಂಡೆಗೆ ಹತ್ತಿರ, ಆ ಮನೆತನದ್ದೊಂದು ಹೊಲವಿದೆ. ಹಿರೇಹೊಲ ಅನ್ನುತ್ತಾರೆ. ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಇಡೀ ಮನೆತನ ಟ್ರ್ಯಾಕ್ಟರ್ ಹತ್ತಿ ಅಲ್ಲಿಗೆ ಹೋಗುತ್ತದೆ. ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಸುಣ್ಣ ಬಳಿದ ಐದು ಕಲ್ಲು ಇಟ್ಟು, ಪಾಂಡವರು ಅಂತ ಪೂಜೆ ಮಾಡುತ್ತಾರೆ. ಆಮೇಲೆ ಮನೆಯ ಹಿರೇ ಸೊಸೆ ಸಜ್ಜಿ ಕಡಬು, ಭಜ್ಜಿ ಪಲ್ಯ ಕಲೆಸಿದ ಚರಗದ ಬಿದಿರು ಪುಟ್ಟಿ ಹೊತ್ತು, ಭೂಮ್ತಾಯಿಗೆ ಉಣಿಸುತ್ತ ಹೊಲದ ಸುತ್ತ ಬದುವಿನ ಮೇಲೆ ನಡೆಯಬೇಕು. "ಹುಲ್ಲುಲ್ಲಿಗೋ" ಎಂದು ಮುಂದಿನವಳು ಕೂಗಿ ಚರಗ ಎರಚಬೇಕು, "ಚಲ್ಲಂಬರಿಗೋ" ಎಂದು ಹಿಂದಿನವಳು ಓಗೊಟ್ಟು ತಂಬಿಗೆಯ ನೀರು ಚಿಮುಕಿಸಬೇಕು. ಸುತ್ತು ಮುಗಿಯುವ ತನಕ ಕೊಂಪೆಯ ಹತ್ತಿರ ಕೂತವರು, ಜಗದೇವನಂಥ ಹೊಟ್ಟೆಬಾಕನಾದರೂ ಸರಿ, ಒಂದು ತುತ್ತು ಬಾಯಿಗಿಡುವಂತಿಲ್ಲ.

ಅತ್ತೆ ತನ್ನ ಕೈಯಾರೆ ಆ ಪುಟ್ಟಿಯನ್ನು ಗುರುಶಾಂತಮ್ಮನ ತಲೆಯ ಮೇಲೆ ಇಟ್ಟಂದಿನಿಂದ ಮುಂದಿನ ಕೂಗು ಅವಳದು, ಹಿಂದಿನ ಓಗೊಡುವಿಕೆ ಸಾಬವ್ವನದು. ಅಣ್ಣತಮ್ಮಂದಿರ ಹೊಲ ಪಾಲಾಯಿತು, ಒಲೆ ಪಾಲಾಯಿತು, ವಾಡೆಯ ನಡುವೆ ಗೋಡೆ ಎದ್ದಿತು. ಚರಗ ಮಾತ್ರ ಪಾಲಾಗಲಿಲ್ಲ. ಅದು ಒಮ್ಮೆ ಕೈ ಬಿಟ್ಟರೆ ತಾನು ಕೊಂಪೆಯ ನೆರಳಿನಲ್ಲಿ ಕೂತು ಅಡಿಗೆಗೆ ಮುತ್ತಿದ ನೊಣ ಹೊಡೆಯುವ ಮುದುಕಿಯಾಗುತ್ತೇನೆಂಬ ಅಂಜಿಕೆ ಗುರುಶಾಂತಮ್ಮನನ್ನು ಒಳಗೊಳಗೇ ತಿನ್ನುತ್ತಿತ್ತು. ಅವಳಿಗೆ ಹೊಸ ಕಾಲು ಬೇಕಾದದ್ದು ಅಷ್ಟಕ್ಕೇ.

ಕಲಬುರಗಿಯ ಡಾಕ್ಟರು ಅಂದಿದ್ದರು, "ದೀಪಾವಳಿ ಆದ ಕೂಡಲೆ ಮಾಡಿದ್ರ, ಎಳ್ಳಮಾಸಿಗೆ ಕೋಲು ಹಿಡ್ಕೊಂಡು ನಡೀತೀರಿ ಅಮ್ಮ. ಆದ್ರ ಹೇಳಿಕೊಟ್ಟ ಕಸರತ್ತು ತಪ್ಪದೆ ಮಾಡಬೇಕು." ಗುರುಶಾಂತಮ್ಮ ಮೊದಲಿನ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಎರಡನೆಯದನ್ನು ದವಾಖಾನೆಯಲ್ಲೇ ಬಿಟ್ಟು ಬಂದಳು.

ಆ ಎರಡನೆಯ ಮಾತನ್ನು ಅಫಜಲಪುರದಿಂದ ಸ್ಕೂಟಿಯ ಮೇಲೆ ಹೊತ್ತು ತಂದವಳು ಕೈನಾತ. ಕಾಲಿಗೆ ಕಸರತ್ತು ಮಾಡಿಸುವ ಫಿಜಿಯೋ ಹುಡುಗಿ. ನೋಡಲು ಬಡಕಲು, ದನಿ ಮಾತ್ರ ಕಂಡಕ್ಟರನದು. ಬಂದ ಮೊದಲ ದಿನವೇ ಮಂಚದ ಪಕ್ಕ ನಿಂತು, "ಅಮ್ಮಾ, ಹಿಮ್ಮಡಿ ಜಾರಿಸ್ಕೋತ ಕಾಲು ಮಡಚ್ರಿ" ಅಂದಳು.

"ಹೊಲಿಗಿ ಇನ್ನಾ ಹಸಿ ಅದಾವ, ಮಡಚು ಅಂತೀ ಅಲ್ಲ! ನಿನಗೇನು ಕರುಳು ಅದನೋ ಇಲ್ಲೋ?"

"ಅದ್ರಿ. ಅದಕ್ಕ ಹೇಳಾಕತ್ತೇನಿ. ಮಡಚ್ರಿ."

"ನಿನಗಿನ್ನಾ ಮದಿವಿ ಆಗಿಲ್ಲಲ್ಲ ಬೇಟಿ?"

"ಇಲ್ರಿ ಅಮ್ಮ."

"ನಿನ್ನ ಅತ್ತಿ ಆಗಾಕಿ ಯಾವಾಕಿನೋ, ಈಗ ಹೋಗಿ ಆಕಿನ ಮೊಣಕಾಲಿಗೆ ಎಣ್ಣಿ ಹಚ್ಚಿ ಬರಬೇಕು ಅನಸ್ತದ ನನಗ."

ಕೈನಾತ ನಕ್ಕಳು, ಆದರೆ ನಗುತ್ತಲೇ ಕಾಲು ಮಡಚಿದಳು. ಗುರುಶಾಂತಮ್ಮ "ಯಪ್ಪಾ ಬಸವಣ್ಣಾ" ಎಂದು ಚೀರಿದ್ದಕ್ಕೆ ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆ ಗಾಬರಿಯಿಂದ ಎದ್ದು ನಿಂತಿತು.

ಕಸರತ್ತು ಬೆಳಿಗ್ಗೆ ಸ್ವಲ್ಪ ಹೊತ್ತಿನದು. ಉಳಿದ ಹಗಲೆಲ್ಲ ಮಾತಾಡಿಸಲು ಬರುವವರದು. ನಮ್ಮ ಕಡೆ ಒಬ್ಬರು ಹಾಸಿಗೆ ಹಿಡಿದರೆ ಊರಿಗೆ ಊರೇ ಬಾಳೆಹಣ್ಣು, ಬ್ರೆಡ್ಡು ಹಿಡಿದುಕೊಂಡು ಬರುತ್ತದೆ. ಬಂದವರು ಮೂಗಿನ ಮೇಲೆ ಬೆರಳಿಟ್ಟು "ಎಂಥಾದ್ದು ಬಂತವ್ವಾ" ಅನ್ನಬೇಕು, ಮಲಗಿದವರು ನಿಟ್ಟುಸಿರು ಬಿಡಬೇಕು. ಬ್ಯಾನಿ ಬಿದ್ದವರು ಓಡಾಡಿಕೊಂಡಿದ್ದರೆ ಬಂದವರಿಗೆ ಅವಮಾನವಾದಂತೆ. ಗುರುಶಾಂತಮ್ಮ ವಾಕರ್ ಹಿಡಿದು ಪಡಸಾಲೆಯಲ್ಲಿ ನಡೆಯುತ್ತಿದ್ದಾಗ ಓಣಿಯ ಜಯಮಾಲಾ ಬಂದು, "ಅಯ್ಯ, ಆರಾಮ ಅದೀಯಲ್ಲ ಬೇ!" ಎಂದು ಮುಖ ಸಣ್ಣದು ಮಾಡಿಕೊಂಡು, ಚಹಾ ಕೂಡ ಕುಡಿಯದೆ ಹೋದಳು. ಅಂದಿನಿಂದ ಬಾಗಿಲಲ್ಲಿ ಚಪ್ಪಲಿ ಬಿಡುವ ಸಪ್ಪಳ ಕೇಳಿದರೆ ಸಾಕು, ಗುರುಶಾಂತಮ್ಮ ಮಂಚ ಸೇರಿ ಚಾದರ ಹೊದ್ದುಬಿಡುತ್ತಿದ್ದಳು.

ದಿನಾ ತಪ್ಪದೆ ಬರುತ್ತಿದ್ದವಳು ಸಾಬವ್ವ. ಗೋಡೆಯ ಆಚೆಯವಳೇ ಆದರೂ ಬೀದಿ ಸುತ್ತಿ, ಸೆರಗು ಹೊದ್ದು, ಬಟ್ಟಲಲ್ಲಿ ಏನಾದರೂ ಬಿಸಿಬಿಸಿಯಾದದ್ದು ಹಿಡಿದು ಬರುವಳು. ಬಂದವಳೇ ಮಂಚದ ತುದಿಗೆ ಕೂತು, ಮೆತ್ತನ್ನ ದಿಂಬೊಂದನ್ನು ಅಕ್ಕನ ಮೊಣಕಾಲಿನ ಕೆಳಗೆ ತೂರಿಸುವಳು. "ಹಿಂಗ ಇರ್ಲಿ ಅಕ್ಕ, ಹಗೂರ ಅನಸ್ತದ. ನಡೀಬ್ಯಾಡ ಬಿಡು. ನಡದು ಯಾರಿಗೆ ಏನು ತೋರ್ಸೋದದ?"

ಖರೇ ಹೇಳಬೇಕೆಂದರೆ ಭಾರಿ ಹಗುರ ಅನ್ನಿಸುತ್ತಿತ್ತು. ಕಾಲು ಜರಾ ಮಡಚಿಕೊಂಡು ದಿಂಬಿನ ಮೇಲೆ ಕೂತರೆ ನೋವು ಹೇಳದೆ ಕೇಳದೆ ಹೋಗಿಬಿಡುತ್ತಿತ್ತು. ಸಾಬವ್ವ ಎಷ್ಟೆಂದರೂ ತನ್ನವಳೇ ಎಂದು ಗುರುಶಾಂತಮ್ಮನಿಗೆ ಆ ದಿನಗಳಲ್ಲಿ ಕಣ್ಣು ತುಂಬಿ ಬಂದದ್ದೂ ಉಂಟು.

ಒಂದು ಬೆಳಿಗ್ಗೆ ಕೈನಾತ ಚಾದರ ಸರಿಸಿದಳು, ದಿಂಬು ಕಂಡಳು, ಕಿತ್ತು ಮೂಲೆಗೆ ಎಸೆದಳು.

"ಇದನ್ನ ಯಾರಿಟ್ಟರು?"

"ನಮ್ಮ ಸಾಬವ್ವ. ಯಾಕ?"

"ಮೊಣಕಾಲಿನ ಕೆಳಗ ದಿಂಬು ಇಟ್ಟರ ಕಾಲು ನೆಟ್ಟಗ ಆಗೋದು ಮರೀತದ್ರಿ ಅಮ್ಮ. ಸೊಟ್ಟನ ಉಳೀತದ. ಸೊಟ್ಟ ಕಾಲಿಲೆ ಬದುವಿನ ಮ್ಯಾಲ ನಡೆಯೋದು ಬಿಲ್ಕುಲ್ ಆಗಂಗಿಲ್ಲ. ಇಡೋದಿದ್ರ ಹಿಮ್ಮಡಿ ಕೆಳಗ ಇಡ್ರಿ."

ಗುರುಶಾಂತಮ್ಮನ ತಲೆಯಲ್ಲಿ ಲೈಟು ಹತ್ತಿತು. ನಳದ ಹತ್ತಿರದ ಮಾತು ಒಂದು ಕಡೆ, ಮೆತ್ತನ್ನ ದಿಂಬು ಇನ್ನೊಂದು ಕಡೆ. ಎರಡನ್ನೂ ಕೂಡಿಸಿ ನೋಡಿದಳು. "ಓಹೋ! ಹಿಂಗದನೋ ವಿಷಯ!" ಎಂದಳು. ಅವಳ ಮುಖದ ಮೇಲೆ ಮೂಡಿದ ಖುಷಿ ನೋಡಿ ಕೈನಾತಳಿಗೆ ದಿಗಿಲಾಯಿತು.

"ಆಕಿಗೆ ನನ್ನ ಕಾಲು ಸೊಟ್ಟ ಆಗಬೇಕಾಗ್ಯದ. ಆಗ್ಲಿ. ಆಕಿ ಮುಂದ ಸೊಟ್ಟನ ಇರ್ತದ. ನೀ ಬೆಳಿಗ್ಗಿ ಲಗೂ ಬಾ, ಸ್ಕೂಟಿ ಹಿತ್ತಲ ಕಡೆ ನಿಲ್ಲಸು, ಎಷ್ಟರೆ ಮಡಚು, ನಾ ಕಿಮಕ್ ಅನ್ನಂಗಿಲ್ಲ. ಹಗಲೆಲ್ಲಾ ಬಿದ್ದ ಹೆಣದಂಗ ಬಿದ್ದಿರ್ತೇನಿ. ಎಳ್ಳಮಾಸಿ ದಿನ ಆಕಿ ಪುಟ್ಟಿಗೆ ಕೈ ಹಾಕಿದ ಕೂಡ್ಲೆ ಎದ್ದು ನಿಂದರ್ತೇನಿ. ಆಕಿ ಮಾರಿ ನೋಡ್ಬೇಕು ನಾ!"

"ಅಮ್ಮಾ, ಇದೆಲ್ಲಾ ಯಾಕ್ರಿ..."

"ನೀ ಕಾಲಿಂದು ನೋಡ್ಕೋ. ತಲಿಂದು ನಾ ನೋಡ್ಕೊಂತೇನಿ."

ಹೀಗೆ ನಾಟಕ ಸುರುವಾಯಿತು. ಬೆಳಿಗ್ಗೆ ಬಾಗಿಲು ಹಾಕಿಕೊಂಡು, ಬಾಯಲ್ಲಿ ಸೆರಗು ತುರುಕಿಕೊಂಡು ಗುರುಶಾಂತಮ್ಮ ಕಾಲು ಮಡಚುವಳು, ಚಾಚುವಳು, ಮೊಣಕಾಲನ್ನು ಹಾಸಿಗೆಗೆ ಒತ್ತಿ ಹಿಡಿಯುವಳು. ಕೈನಾತ ಎಣಿಸುವಳು. "ಸಣ್ಣ ದನಿಲೆ ಎಣಸ ಬೇ, ಗ್ವಾಡಿ ಆಕಡೆ ಮಂದಿ ಅದಾರ" ಎಂದು ಎಷ್ಟು ಗದರಿದರೂ ಆ ಹುಡುಗಿಗೆ ಸಣ್ಣ ದನಿ ಎಂಬುದೇ ಇರಲಿಲ್ಲ. ಸ್ಕೂಟಿ ಹೋದ ಮೇಲೆ ಅಂಕ ಬದಲಾಗುತ್ತಿತ್ತು. ಚಾದರ, ನರಳಾಟ, ಅರ್ಧ ಮುಚ್ಚಿದ ಕಣ್ಣು. ಸಾಬವ್ವ ದಿಂಬು ತಂದರೆ, "ಇಡವ್ವಾ, ನೀ ಇಟ್ಟರ ಜೀವ ತಂಪಾಗ್ತದ" ಎಂದು ತಾನೇ ಕಾಲೆತ್ತಿ ಕೊಡುವಳು.

ನಾಟಕಕ್ಕೆ ಜನವೂ ಕೂಡಿತು. ಗುರುಶಾಂತಮ್ಮನ ಕಾಲು ಕೆಟ್ಟಿತಂತೆ ಎಂಬ ಸುದ್ದಿ ಹರಡಿ, ಒಮ್ಮೆ ಬಂದು ಹೋದವರೂ ಮತ್ತೆ ಬಂದರು. ಜಯಮಾಲಾ ಬಂದು ಮನಸ್ಸು ತುಂಬ ಮರುಗಿ, ಎರಡು ಸಲ ಚಹಾ ಕುಡಿದು ಹೋದಳು. ಜಗದೇವ ಕಟ್ಟೆಯ ಮೇಲೆ ಕೂತು, "ಈ ಸಲ ನಮ್ಮ ಮನಿಯಾಕಿನ ಚರಗ ಚೆಲ್ಲೋದು" ಎಂದು ಸಾರಿದನಂತೆ. ಅದನ್ನು ಕೇಳಿ ಗುರುಶಾಂತಮ್ಮ ಚಾದರದೊಳಗೆ ಮುಸಿಮುಸಿ ನಕ್ಕಳು.

"ಸುಳ್ಳ ನರಳಬ್ಯಾಡ, ಖರೇನ ಆದೀತು" ಎಂದ ಶಿವರಾಯ.

"ನೀವು ಸುಮ್ಮ ಕೂಡ್ರಿ. ಗಂಡಸರಿಗೆ ಇಂಥಾದ್ದು ತಿಳಿಯಂಗಿಲ್ಲ."

ತಿಳಿಯದೆ ಹೋದದ್ದು ಅವಳಿಗೇ. ಕಸರತ್ತು ಬೆಳಿಗ್ಗೆ ಒಂದಿಷ್ಟು ಹೊತ್ತು, ನಾಟಕ ಅಲ್ಲಿಂದ ಸಂಜೆತನಕ. ಮೊಣಕಾಲಿಗೆ ಯಾವುದು ಕಸರತ್ತು, ಯಾವುದು ನಾಟಕ ಎಂದು ಹೇಗೆ ಗೊತ್ತಾಗಬೇಕು? ಎಳ್ಳಮಾಸಿಗೆ ಇನ್ನು ಸ್ವಲ್ಪೇ ದಿನ ಇದೆ ಎನ್ನುವಾಗ ಕೈನಾತ ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ಕಾಲಿಗೆ ಹಿಡಿದು ನೋಡಿದಳು. ಮತ್ತೊಮ್ಮೆ ಹಿಡಿದು ನೋಡಿದಳು. ಆಮೇಲೆ ಪಟ್ಟಿಯನ್ನು ಚೀಲಕ್ಕೆ ಹಾಕಿ ಸುಮ್ಮನೆ ಕುರ್ಚಿಯಲ್ಲಿ ಕೂತಳು. ಆ ಹುಡುಗಿ ಸುಮ್ಮನಿದ್ದದ್ದು ಅದೇ ಮೊದಲು.

"ಯಾಕ ಬೇಟಿ?"

"ಮಡಚೋದು ಚಲೋ ಬಂದದ. ನೆಟ್ಟಗ ಆಗೋದು ಹಿಂದಕ ಹೋಗ್ಯದ್ರಿ. ಹಿಂಗ ಇದ್ರ ಡಾಕ್ಟರು ಮತ್ತ ಬೇಹೋಶ್ ಮಾಡಿ ಕಾಲು ಸಡ್ಲ ಮಾಡಬೇಕಾದೀತು. ಹೊಲದ ಮಾತು ಬಿಡ್ರಿ, ಪಡಸಾಲ್ಯಾಗ ನಡದ್ರೂ ಕುಂಟ್ತೀರಿ." ಆಮೇಲೆ ಅವಳ ದನಿ ಏರಿತು. "ನಾ ದಿನಾ ಅಷ್ಟು ದೂರದಿಂದ ಬಂದು ಕಟ್ಟೋದು, ನೀವು ಹಗಲೆಲ್ಲಾ ಕೂತು ಕೆಡವೋದು! ಹೈರಾಣ ಆಗೇನಿ ನಾನು!"

ಗುರುಶಾಂತಮ್ಮ ಆಪರೇಶನ್ನಿಗೂ ಅತ್ತವಳಲ್ಲ. ಈಗ ಅತ್ತಳು. ಯಾರ ಮೇಲೂ ಹೊರಿಸುವಂತಿರಲಿಲ್ಲ, ಅದೇ ದೊಡ್ಡ ಸಂಕಟ. ಸಾಬವ್ವ ದಿಂಬು ತಂದಿದ್ದಳು ಹೌದು, ಆದರೆ ಕಾಲೆತ್ತಿ ಕೊಟ್ಟವಳು ತಾನೇ. "ಈಗ ಹ್ಯಾಂಗ ಮಾಡ್ಲೆವ್ವಾ?" ಎಂದು ಆ ಎಳೆ ಹುಡುಗಿಯ ಕೈ ಹಿಡಿದುಕೊಂಡಳು.

ಕೈನಾತಳ ಸಿಟ್ಟು ಇಳಿಯಿತು. ಅವಳು ಟವೆಲ್ಲೊಂದನ್ನು ಗಟ್ಟಿಯಾಗಿ ಸುರುಳಿ ಸುತ್ತಿ ಹಿಮ್ಮಡಿಯ ಕೆಳಗಿಟ್ಟಳು. ಮೊಣಕಾಲು ಗಾಳಿಯಲ್ಲಿ ನಿಂತು, ತನ್ನ ಭಾರಕ್ಕೆ ತಾನೇ ನೆಟ್ಟಗಾಗಬೇಕು. "ಮಂದಿ ಬಂದ್ರ ಇದ ಇರ್ಲಿ. ದಿಂಬು ಕೊಟ್ಟರ ತಲಿ ಕೆಳಗ ಇಟ್ಕೋರಿ."

ಅಂದಿನಿಂದ ನಾಟಕದ ಬಣ್ಣವೇ ಬದಲಾಯಿತು. ಹಿಮ್ಮಡಿಯ ಕೆಳಗೆ ಟವೆಲ್ಲಿಟ್ಟುಕೊಂಡು ಮಲಗಿದರೆ ಮೊಣಕಾಲಿನ ಹಿಂದೆ ಖಾರ ಅರೆದು ಹಚ್ಚಿದಷ್ಟು ಉರಿ. ಇಷ್ಟು ದಿನ ನೋವಿಲ್ಲದೆ ನರಳುತ್ತಿದ್ದವಳು ಈಗ ನೋವಿಗೇ ನರಳಿದಳು. "ಮೊದ್ಲಿಗಿಂತ ಚಂದ ನರಳಾಕತ್ಯಾರ ಅತ್ತಿ" ಎಂದಳು ವಿಜಯಶ್ರೀ, ಬಾಗಿಲ ಹಿಂದೆ ನಿಂತು. ಸಾಬವ್ವ ದಿಂಬು ಇಡಲು ಬಂದಾಗ ಗುರುಶಾಂತಮ್ಮ, "ಇವತ್ತ ತಲಿಗೆ ಕೊಡವ್ವಾ, ಕುತ್ತಿಗಿ ಹಿಡದದ" ಎಂದಳು. ಸಾಬವ್ವ ಒಂದು ಕ್ಷಣ ಅವಳ ಮುಖವನ್ನೇ ನೋಡಿ, ದಿಂಬನ್ನು ತಲೆಯ ಕೆಳಗೆ ಇಟ್ಟಳು.

ಎಳ್ಳಮಾಸಿ ಬಂತು. ಟ್ರ್ಯಾಕ್ಟರಿನಲ್ಲಿ ಕುರ್ಚಿ ಹಾಕಿ, ಗುರುಶಾಂತಮ್ಮನನ್ನು ದೇವರನ್ನು ಕೂಡಿಸಿದಂತೆ ಕೂಡಿಸಿ ಹಿರೇಹೊಲಕ್ಕೆ ಕರೆತಂದರು. ಊಟಕ್ಕೆ ಕರೆದಿದ್ದರಿಂದ ಜಯಮಾಲಾ, ಕೈನಾತ ಇಬ್ಬರೂ ಬಂದಿದ್ದರು. ಹಿಂಗಾರಿ ಜೋಳ ಆಳೆತ್ತರ ನಿಂತಿತ್ತು. ಪಾಂಡವರ ಪೂಜೆಯಾಯಿತು, ಕಾಯಿ ಒಡೆದರು. ಜಗದೇವ ಗಂಟಲು ಸರಿಮಾಡಿಕೊಂಡು, "ಹೂಂ, ಪುಟ್ಟಿ ಎತ್ತು" ಎಂದು ಹೆಂಡತಿಗೆ ಸನ್ನೆ ಮಾಡಿದ. ಸಾಬವ್ವ ಬಗ್ಗಿ ಪುಟ್ಟಿಗೆ ಕೈ ಹಾಕಿದಳು.

"ಅಲ್ಲೇ ಇಡು."

ಗುರುಶಾಂತಮ್ಮ ಕುರ್ಚಿಯಿಂದ ಎದ್ದು ನಿಂತಿದ್ದಳು. ಒಂದು ಕೈಯಲ್ಲಿ ಕೋಲು. ಇನ್ನೊಂದು ಕೈ ಪುಟ್ಟಿಗಾಗಿ ಚಾಚಿತ್ತು. ಜಯಮಾಲಾ "ಅಯ್ಯಯ್ಯ!" ಅಂದಳು. ಜಗದೇವನ ಬಾಯಿ ತೆರೆದದ್ದು ತೆರೆದೇ ಇತ್ತು. ಆದರೆ ಯಾವ ಮುಖ ನೋಡಬೇಕೆಂದು ಗುರುಶಾಂತಮ್ಮ ಇಷ್ಟು ದಿನ ಕಾದಿದ್ದಳೋ ಆ ಮುಖದ ಮೇಲೆ ಏನೂ ಕಾಣಲಿಲ್ಲ. ಸಾಬವ್ವ ಪುಟ್ಟಿಯನ್ನು ಎತ್ತಿ ಅಕ್ಕನ ಸೊಂಟಕ್ಕೆ ಕೊಟ್ಟು, ತಾನು ತಂಬಿಗೆ ತೆಗೆದುಕೊಂಡು, "ನಡಿ ಅಕ್ಕ" ಎಂದು ಹಿಂದೆ ನಿಂತಳು. ಗುರುಶಾಂತಮ್ಮನಿಗೆ ಬಹಳ ನಿರಾಸೆಯಾಯಿತು.

"ಹುಲ್ಲುಲ್ಲಿಗೋ!" ಎಂದು ಕೂಗಿದಳು. ಅವಳ ದನಿ ಒಡಕು ಗಂಟೆಯಂಥದು, ಹೊಲದ ಆಚೆ ದಂಡೆಗೂ ಕೇಳುವಂಥದು. "ಚಲ್ಲಂಬರಿಗೋ!" ಎಂದು ಸಾಬವ್ವನ ಕೀರಲು ದನಿ ಹಿಂಬಾಲಿಸಿತು. ಮೊದಲ ಬದು ಸರಾಗವಾಗಿ ಮುಗಿಯಿತು. ಎರಡನೆಯ ಬದುವಿಗೆ ತಿರುಗಿದ ಮೇಲೆ ಜೋಳದ ಮರೆಯಲ್ಲಿ ಕೊಂಪೆ ಕಾಣದಾಯಿತು. ಅಲ್ಲಿ ಕರಿ ಮಣ್ಣು ಬಿರುಕು ಬಿಟ್ಟಿತ್ತು. ಬಿರುಕು ದಾಟಲು ಹೊಸ ಕಾಲು ಮುಂದಿಟ್ಟಳು, ಅದು ನಡುಗಿತು. ಮತ್ತೊಂದು ಹೆಜ್ಜೆ ಇಟ್ಟಳು, ತೊಡೆಯಿಂದ ಕೆಳಗೆ ಕಾಲು ತನ್ನದಲ್ಲವೆಂಬಂತೆ ನಿಂತುಬಿಟ್ಟಿತು. ಗುರುಶಾಂತಮ್ಮ ಕೋಲಿನ ಮೇಲೆ ಭಾರ ಬಿಟ್ಟು ಮೆಲ್ಲಗೆ ಬದುವಿನ ಮೇಲೆ ಕೂತಳು.

"ನೋಯಾಕತ್ತದೇನು?" ಎಂದಳು ಸಾಬವ್ವ.

"ಆತು ಬೇ. ನೀ ಗೆದ್ದಿ. ಹೋಗು, ಗಂಡಸರನ್ನ ಕರಿ, ಎತ್ಕೊಂಡು ಹೋಗ್ಲಿ. ಹಗಲೆಲ್ಲಾ ದಿಂಬು ಇಟ್ಟು ಇಟ್ಟು ಕಾಲು ಸೊಟ್ಟ ಮಾಡಿದಿ, ಇನ್ನ ಹೊಟ್ಟಿ ತುಂಬ ನಗು."

"ಮೊದಲ ಸಲ ಇಟ್ಟಾಗ ನಿನಗ ಆರಾಮ ಆಗ್ಲಿ ಅಂತನ ಇಟ್ಟೆ, ಬಸವಣ್ಣನ ಆಣಿ" ಎಂದಳು ಸಾಬವ್ವ, ಪಕ್ಕದಲ್ಲಿ ಕೂರುತ್ತ. "ಆಮ್ಯಾಲ ಆ ಹುಡುಗಿ ಬೈದದ್ದು ಗ್ವಾಡಿ ಆಕಡೆ ಕೇಳಸ್ತು. ನೀ ನಾಟಕ ಹೂಡಿದ್ದೂ ಕೇಳಸ್ತು. ಆಕಿ ದನಿ, ನಿನ್ನ ದನಿ ಎರಡೂ ನಮ್ಮ ಅಡಿಗಿಮನಿತನಕ ಬರ್ತಾವ."

ಗುರುಶಾಂತಮ್ಮ ದಂಗಾದಳು. "ಗೊತ್ತಿದ್ದೂ ದಿನಾ ದಿಂಬು ತಂದಿ?"

"ನೀ ಅಷ್ಟು ಚಂದ ಬಿದ್ಕೊಂಡು ನರಳ್ತಿದ್ದಿ. ನಾ ತರದಿದ್ರ ನಿನಗ ಬ್ಯಾಸರ ಆಗ್ತಿತ್ತು." ಸಾಬವ್ವನ ತುಟಿ ಅಲುಗಿತು, ಆದರೆ ನಗಲಿಲ್ಲ. "ಕಾಲು ಖರೇನ ಸೊಟ್ಟ ಆಗ್ತದ ಅಂತ ನನಗೇನು ಗೊತ್ತಿತ್ತಕ್ಕ? ಬೆಳಿಗ್ಗಿ ಕಸರತ್ತು ಮಾಡ್ತಾಳ, ಆಗ್ತದ ಬಿಡು ಅಂತಿದ್ದೆ. ತಲಿಗೆ ಇಡು ಅಂದಿಯಲ್ಲ, ಅವತ್ತ ಖರೇನ ಕೆಟ್ಟದ ಅಂತ ತಿಳಿದು ಎದಿ ಧಸಕ್ ಅಂತು."

"ನಿನಗ ಪುಟ್ಟಿ ಬೇಕಾಗಿತ್ತೋ ಇಲ್ಲೋ, ಅದನ್ನ ಹೇಳು."

"ಬೇಕಾಗಿತ್ತು. ಯಾಕ ಬೇಕಾಗಬಾರ್ದು? ಇಷ್ಟು ವರ್ಷ ನಿನ್ನ ಬೆನ್ನ ನೋಡ್ಕೋತ ನಡದೇನಿ. ಒಮ್ಮೆರೆ ಮುಂದಿನ ಹೊಲ ನೋಡ್ಬೇಕು ಅನಸ್ತದ. ಆದ್ರ ನೀ ಬಿದ್ದಿ ಅಂತ ನನಗ ಸಿಗೋದು ಬ್ಯಾಡ. ನೀ ಕುಂಟಿ ಆದಿ, ನಾ ಹೊತ್ತೆ ಅಂತ ಮಂದಿ ಅನ್ನೋದು ಬ್ಯಾಡ."

ಆ ಮಾತಿಗೆ ಗುರುಶಾಂತಮ್ಮನಿಗೆ ನಾಚಿಕೆಯಾಯಿತು. ಕೊಂಪೆಯ ಕಡೆಯಿಂದ ಜಗದೇವ, "ಏನಾತು ಬೇ? ಸಪ್ಪಳನ ಇಲ್ಲಲ್ಲ! ಹಸಿವಿ ಆಗ್ಯದ!" ಎಂದು ಕೂಗಿದ.

ಸಾಬವ್ವ ಎದ್ದಳು. ಪುಟ್ಟಿಯನ್ನು ಸೊಂಟಕ್ಕೇರಿಸಿದಳು, ತಂಬಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದಳು. "ನಡುವಿನ ಬಂಡಿದಾರಿಲೆ ಸಾವಕಾಶ ಬಾ. ಕಡೀ ಮೂಲ್ಯಾಗ ನಿಂತಿರ್ತೇನಿ" ಎಂದು ಹೇಳಿ, ಎದೆ ತುಂಬ ಉಸಿರೆಳೆದು ಬಾಯಿ ತೆರೆದಳು.

"ಹುಲ್ಲುಲ್ಲಿಗೋ!"

ಗುರುಶಾಂತಮ್ಮ ಬೆಚ್ಚಿಬಿದ್ದಳು. ಅದು ಅವಳದೇ ದನಿ! ಅದೇ ಒಡಕು, ಕೊನೆಯಲ್ಲಿ ಅದೇ ಎಳೆತ, ನಡುವೆ ಉಸಿರು ಕಟ್ಟಿದಂತಾಗುವ ಅದೇ ಚಾಳಿ. ಮರುಕ್ಷಣವೇ "ಚಲ್ಲಂಬರಿಗೋ!" ಎಂದು ಸಾಬವ್ವನ ಕೀರಲು ದನಿ. ಎರಡೂ ಒಂದೇ ಗಂಟಲಿನಿಂದ ಹೊರಟು, ಒಂದರ ಹಿಂದೆ ಒಂದು ಜೋಳದ ಮರೆಯಲ್ಲಿ ಸಾಗಿದವು. ಬಂಡಿದಾರಿಯಲ್ಲಿ ಕೋಲೂರಿ ನಡೆಯುತ್ತ ಗುರುಶಾಂತಮ್ಮ ತಾನು ಹೊಲ ಸುತ್ತುವುದನ್ನು ತಾನೇ ಕೇಳಿದಳು. ಮೊದಲು ಸಿಟ್ಟು ಬಂತು, "ನಾ ಹಿಂಗ ಕೂಗ್ತೇನೇನು?" ಅನ್ನಿಸಿ. ಆಮೇಲೆ ನಗು ಬಂತು. ಆಮೇಲೆ ಅಳು ಬಂತು, ಆದರೆ ಅಳುತ್ತ ನಡೆದರೆ ಬಿರುಕು ಕಾಣುವುದಿಲ್ಲವೆಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಡೆಯ ಮೂಲೆಯಲ್ಲಿ ಸಾಬವ್ವ ಏದುಸಿರು ಬಿಡುತ್ತ ನಿಂತಿದ್ದಳು. ಪುಟ್ಟಿಯನ್ನು ಕೊಟ್ಟು, ತಂಬಿಗೆ ಹಿಡಿದು, ಏನೂ ಆಗಿಲ್ಲವೆಂಬಂತೆ ಹಿಂದೆ ಬಂದಳು. ಜೋಳದ ಮರೆಯಿಂದ ಗುರುಶಾಂತಮ್ಮ ಮುಂದಾಗಿ ಹೊರಬಂದಾಗ ಕೊಂಪೆಯ ಹತ್ತಿರ ಹೋ ಎಂದು ಗದ್ದಲವೆದ್ದಿತು. "ಭಾರಿ ಕಾಲವ್ವಾ! ಇಡೀ ಹೊಲ ಸುತ್ತಿಬಿಟ್ಲು!" ಎಂದಳು ಜಯಮಾಲಾ. ಶಿವರಾಯ ರುಮಾಲಿನಿಂದ ಕಣ್ಣೊರೆಸಿಕೊಂಡ. ಜಗದೇವ ಆಗಲೇ ಕಡಬು ಮುರಿದಿದ್ದ.

ಎಲ್ಲರೂ ಊಟಕ್ಕೆ ಕೂತರು. ಗುರುಶಾಂತಮ್ಮನ ಗಂಟಲಲ್ಲಿ ತುತ್ತು ಇಳಿಯಲಿಲ್ಲ. ವಾರಗಟ್ಟಲೆ ಹಗಲೆಲ್ಲ ಸುಳ್ಳು ನರಳಿದವಳಿಗೆ ಈ ಒಂದು ಹೊಗಳಿಕೆ ಅರಗಲಿಲ್ಲ.

"ಕೇಳ್ರಿ ಎಲ್ಲಾರೂ" ಎಂದಳು. "ಅರ್ಧಕ್ಕ ನನ್ನ ಕಾಲು ನಿಂತಿತ್ತು. ಉಳದದ್ದೆಲ್ಲಾ ಸಾಬವ್ವ ಚೆಲ್ಲ್ಯಾಳ."

ಎಲ್ಲರೂ ಘೊಳ್ಳೆಂದು ನಕ್ಕರು.

"ಅತ್ತೀ, ನಿಮ್ಮ ದನಿ ಕಡೀತನಕ ಕೇಳಾಕತ್ತಿತ್ತಲ್ರಿ" ಎಂದಳು ವಿಜಯಶ್ರೀ.

"ಅದು ನನ್ನ ದನಿ ಅಲ್ಲ ಬೇ! ಆಕಿ ನನ್ನಂಗ ಕೂಗಿದ್ಲು! ಕೂಗಿ ತೋರ್ಸ ಸಾಬವ್ವಾ!"

ಸಾಬವ್ವ ಬಾಯಲ್ಲಿದ್ದ ತುತ್ತನ್ನು ಸಾವಕಾಶವಾಗಿ ನುಂಗಿ, ಸೆರಗು ಸರಿಮಾಡಿಕೊಂಡು, ಕೋಳಿಮರಿ ಚೀರಿದಂತೆ "ಹುಲ್ಲುಲ್ಲಿಗೋ" ಅಂದಳು. ನಕ್ಕು ನಕ್ಕು ಜಯಮಾಲಾ ಅಂಬಲಿ ಚೆಲ್ಲಿಕೊಂಡಳು. "ಅಕ್ಕಗ ಗುಳಿಗಿ ಜಾಸ್ತಿ ಆಗ್ಯಾವ್ರಿ" ಎಂದಳು ಸಾಬವ್ವ, ಬಹಳ ಕಾಳಜಿಯಿಂದ.

ಗುರುಶಾಂತಮ್ಮ ಕೊನೆಯ ಆಸೆಯಿಂದ ಕೈನಾತಳ ಕಡೆ ತಿರುಗಿದಳು. "ನೀ ಹೇಳ ಬೇಟಿ. ಈ ಕಾಲು ಇಡೀ ಹೊಲ ಸುತ್ತತದೇನು?"

ಕೈನಾತ ಊದಿದ ಮೊಣಕಾಲು ನೋಡಿದಳು, ಬೆವರಿ ಕೂತ ಸಾಬವ್ವನ ಮುಖ ನೋಡಿದಳು. "ಯಾಕ ಸುತ್ತಂಗಿಲ್ರಿ ಅಮ್ಮ? ನಾ ಕಸರತ್ತು ಮಾಡಿಸಿದ ಕಾಲು ಅದು" ಎಂದು ಮತ್ತೊಂದು ಕಡಬಿಗೆ ಕೈ ಹಾಕಿದಳು.

ಎಲ್ಲ ಬಾಗಿಲೂ ಮುಚ್ಚಿದ್ದವು. ಗುರುಶಾಂತಮ್ಮ ಸಾಬವ್ವನನ್ನು ದಿಟ್ಟಿಸಿದಳು. ಆ ಮುಖದ ಮೇಲೆ ಈಗಲೂ ಏನೂ ಇರಲಿಲ್ಲ. ನೀ ಬಿದ್ದಿ ಅಂತ ಸಿಗೋದು ಬ್ಯಾಡ ಎಂದಿದ್ದಳಲ್ಲ, ಆ ಮಾತು ಈಗ ಅವಳಿಗೆ ಪೂರಾ ತಿಳಿಯಿತು. ಇವರೆಲ್ಲರ ಕಣ್ಣಲ್ಲಿ ಗುರುಶಾಂತಮ್ಮ ಬಿದ್ದಿಲ್ಲ, ಇಡೀ ಹೊಲ ಸುತ್ತಿ ಬಂದಿದ್ದಾಳೆ. ಕೈ ಬಿಟ್ಟು ಹೋಗುತ್ತದೆಂದು ಅವಳು ಇಷ್ಟು ದಿನ ಅಂಜಿದ್ದನ್ನು ಇಂದು ಕೈಯಾರೆ ಕೊಡಬಹುದಿತ್ತು. ಇಂದು ಕೊಟ್ಟರೆ ಸೋತು ಕೊಟ್ಟಳೆಂದು ಯಾರೂ ಅನ್ನುವಂತಿರಲಿಲ್ಲ.

ಅವಳು ಕೋಲನ್ನು ಬದಿಗಿಟ್ಟು ಎದ್ದಳು. "ಅಮ್ಮಾ, ಸಾವಕಾಶ!" ಎಂದು ಕೈನಾತ ಗದರಿದಳು. ಗುರುಶಾಂತಮ್ಮ ಹಿಮ್ಮಡಿ ಮೊದಲೂರಿ, ಮೊಣಕಾಲು ನೆಟ್ಟಗೆ ಮಾಡಿ, ಕೊಂಪೆಯ ತನಕ ನಡೆದು, ಖಾಲಿ ಪುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿದಳು. ಎಲ್ಲರ ಎದುರಿಗೆ ತಂದು, ಕಡಬು ಮುರಿಯುತ್ತ ಕೂತಿದ್ದ ಸಾಬವ್ವನ ತಲೆಯ ಮೇಲೆ ಇಟ್ಟಳು.

"ಬರೋ ಎಳ್ಳಮಾಸಿಯಿಂದ ಇದು ನಿಂದು. ನಾ ಕೊಡಾಕತ್ತೇನಿ. ಎಲ್ಲಾರೂ ಕೇಳಿದ್ರಿಲ್ಲ?"

ಈಗ ಸಾಬವ್ವನ ಮುಖ ನೋಡುವಂತಿತ್ತು. ಕೈಯಲ್ಲಿದ್ದ ಕಡಬು ಮಣ್ಣಿಗೆ ಬಿತ್ತು. ತಲೆಯ ಮೇಲಿನ ಪುಟ್ಟಿ ಜಾರದಂತೆ ಎರಡೂ ಕೈಯಿಂದ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, "ಹಿಂದ ಯಾರು ಓಗೊಡ್ತಾರಕ್ಕ?" ಎಂದಳು.

"ನಾ ಇಲ್ಲೇನು? ಆದ್ರ ನಿನ್ನ ಕೀರಲು ದನಿ ತಗಿಯೋದು ಒಂದು ವರ್ಷದಾಗ ಕಲೀಬೇಕು ನಾ" ಎಂದು ಗುರುಶಾಂತಮ್ಮ ಅವಳ ಪಕ್ಕಕ್ಕೆ ಕುರ್ಚಿ ಎಳೆಸಿಕೊಂಡು ಕೂತಳು. ಆಮೇಲೆ ತುತ್ತು ಸಲೀಸಾಗಿ ಇಳಿಯಿತು.